ಹತ್ತು ಸಲ ಹೇಳಿದರೂ ಅರ್ಥ ಆಗಲ್ಲ ಅಂದ್ರೆ ಏನ್ ಮಾಡೋದು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವುಗಳ ದೂರು ಒಂದೇ. "ನಾನು ಸರಿಯಾಗೇ ಹೇಳ್ತೀನಿ, ಅವರಿಗೆ ಅರ್ಥ ಆಗಲ್ಲ." ಮನೆ, ಫ್ಯಾಕ್ಟರಿ, ಆಸ್ಪತ್ರೆ, ಆಫೀಸು, ಎಲ್ಲ ಕಡೆಯಿಂದಲೂ ಇದೇ ಮಾತು. ಅದಕ್ಕೇ ಈ ಸಂಚಿಕೆಯ ಪುಟಗಳನ್ನು ಪೂರ್ತಿ ಇದಕ್ಕೇ ಮೀಸಲಿಟ್ಟಿದ್ದೇವೆ.

ನಮ್ಮ ತಂದೆಗೆ 74 ವರ್ಷ. ಇತ್ತೀಚೆಗೆ ಕಿವಿ ಮಂದವಾಗಿದೆ. ಮೆಲ್ಲಗೆ ಹೇಳಿದರೆ "ಏನು?" ಅಂತಾರೆ. ಜೋರಾಗಿ ಹೇಳಿದರೆ "ಯಾಕೆ ಕಿರುಚ್ತೀಯ, ನಾನೇನು ಕಿವುಡನಾ?" ಅಂತ ರೇಗ್ತಾರೆ. ಬೇಕಾದ್ದು ಮಾತ್ರ ಕೇಳಿಸುತ್ತೆ ಅವರಿಗೆ ಅಂತ ಅಮ್ಮನ ವಾದ. ಈಗೀಗ ಮನೆಯಲ್ಲಿ ಯಾರೂ ಅವರ ಜೊತೆ ಜಾಸ್ತಿ ಮಾತಾಡೋದೇ ಇಲ್ಲ. ಏನು ಮಾಡಲಿ?
— ಗೃಹಿಣಿ, ಶಿವಮೊಗ್ಗ

ನಿಮ್ಮ ಅಮ್ಮನಿಗೆ ಹಾಗೆ ಅನ್ನಿಸೋದು ಸಹಜ, ಆದರೆ ಅದು ನಿಜ ಅಲ್ಲ. ವಯಸ್ಸಾದಾಗ ಕಿವಿ ಎಲ್ಲ ಶಬ್ದಕ್ಕೂ ಒಂದೇ ಸಮ ಮಂದ ಆಗುವುದಿಲ್ಲ. ಮೊದಲು ಹೋಗುವುದು ತೆಳುವಾದ, ಏರು ಸ್ಥಾಯಿಯ ಶಬ್ದಗಳು. ಅ, ಆ, ಓ ಇವೆಲ್ಲ ತಗ್ಗಿನ ಶಬ್ದಗಳು, ಇವು ಚೆನ್ನಾಗಿಯೇ ಕೇಳಿಸುತ್ತಿರುತ್ತವೆ. ಸ, ಶ, ತ, ಕ ಇಂಥವು ಜಾರಿಹೋಗುತ್ತವೆ. ಅಂದರೆ ಯಾರೋ ಮಾತಾಡುತ್ತಿದ್ದಾರೆ ಅಂತ ಅವರಿಗೆ ಗೊತ್ತಾಗುತ್ತದೆ, ಏನು ಮಾತಾಡಿದರು ಅಂತ ಗೊತ್ತಾಗುವುದಿಲ್ಲ. ಪಕ್ಕದ ಮನೆಯವರ ದಪ್ಪ ದನಿ ಕೇಳಿಸುತ್ತದೆ, ಮೊಮ್ಮಗಳ ತೆಳು ದನಿ ಕೇಳಿಸುವುದಿಲ್ಲ. ಇದನ್ನು ನೋಡಿದವರು "ಬೇಕಾದ್ದು ಮಾತ್ರ ಕೇಳಿಸುತ್ತೆ" ಅಂದುಕೊಳ್ಳುತ್ತಾರೆ.

ಊಟಕ್ಕೆ ಬಡಿಸುವಾಗ ಗಮನಿಸಿ ನೋಡಿ. ನೀವು "ಸಾಕಾ?" ಅಂತೀರಿ. ಅವರಿಗೆ ಮೊದಲ ಅಕ್ಷರ ಸಿಗುವುದಿಲ್ಲ, "…ಆಕಾ?" ಅಂತ ಏನೋ ಬೀಳುತ್ತದೆ. "ಹಾಕ್ಲಾ?" ಅಂತ ಕೇಳಿದಿರಿ ಅಂದುಕೊಂಡು ಅವರು "ಹ್ಞೂಂ" ಅಂತಾರೆ. ನೀವು ಸಾಕು ಅಂತ ತಿಳಿದು ಪಾತ್ರೆ ಎತ್ತಿಕೊಂಡು ಹೋಗುತ್ತೀರಿ. ಅವರು ಖಾಲಿ ತಟ್ಟೆ ನೋಡುತ್ತಾ ಕೂರುತ್ತಾರೆ. ಇಬ್ಬರದ್ದೂ ತಪ್ಪಿಲ್ಲ, ಆದರೂ ಇಬ್ಬರಿಗೂ ಬೇಜಾರು. ಇಂಥದ್ದು ದಿನಕ್ಕೆ ಎಷ್ಟು ಸಲ ಆಗುತ್ತಿರಬಹುದು ಹೇಳಿ.

ಇನ್ನು ಜೋರಾಗಿ ಹೇಳುವ ವಿಷಯ. ಕಿರುಚಿದಾಗ ಆ, ಓ ಇವುಗಳ ಸದ್ದು ಜಾಸ್ತಿಯಾಗುತ್ತದೆ, ಅವರಿಗೆ ಕೇಳಿಸದ ಸ, ತ ಅಷ್ಟಾಗಿ ಏರುವುದಿಲ್ಲ. ಜೊತೆಗೆ, ಒಳಕಿವಿ ಸವೆದವರಲ್ಲಿ ಬಹಳ ಜನಕ್ಕೆ ಸಣ್ಣ ಶಬ್ದ ಕೇಳಿಸದಿದ್ದರೂ ದೊಡ್ಡ ಶಬ್ದ ಕಿವಿಗೆ ಹೊಡೆದ ಹಾಗೆ ಆಗುತ್ತದೆ. ನಿಮ್ಮ ತಂದೆ "ಕಿರುಚಬೇಡ" ಅನ್ನುವುದು ಸಿಡುಕು ಸ್ವಭಾವದಿಂದ ಅಲ್ಲ. ಅವರಿಗೆ ನಿಜವಾಗಿಯೂ ನೋವಾಗುತ್ತಿರಬಹುದು.

ಹಾಗಾದರೆ ಹೇಗೆ ಮಾತಾಡುವುದು? ಅಡುಗೆಮನೆಯಿಂದ ಕೂಗಿ ಹೇಳುವುದನ್ನು ಮೊದಲು ಬಿಡಿ. ಎದುರಿಗೆ ಬನ್ನಿ. "ಅಪ್ಪಾ" ಅಂತ ಕರೆದು, ಅವರು ನಿಮ್ಮ ಮುಖ ನೋಡಿದ ಮೇಲೆ ವಿಷಯ ಶುರು ಮಾಡಿ. ನಾವೆಲ್ಲರೂ ನಮಗೆ ಗೊತ್ತಿಲ್ಲದೆಯೇ ತುಟಿ ನೋಡಿ ಅರ್ಧ ಮಾತು ಹಿಡಿಯುತ್ತೇವೆ, ಕಿವಿ ಮಂದವಾದವರಿಗಂತೂ ಅದೇ ಆಸರೆ. ಅದಕ್ಕೇ ಬೆಳಕು ನಿಮ್ಮ ಮುಖದ ಮೇಲಿರಲಿ, ಕಿಟಕಿಗೆ ಬೆನ್ನು ಹಾಕಿ ನಿಲ್ಲಬೇಡಿ. ಟಿವಿ, ಮಿಕ್ಸಿ ನಿಲ್ಲಿಸಿ. ಮಾಮೂಲಿ ದನಿಗಿಂತ ಒಂಚೂರು ಏರಿಸಿ, ನಿಧಾನವಾಗಿ ಹೇಳಿ. ಒಂದು ಸಲ ಹೇಳಿದ್ದು ತಿಳಿಯಲಿಲ್ಲ ಅಂದರೆ ಅದೇ ಪದವನ್ನು ಮೂರು ಸಲ ಹೇಳಬೇಡಿ, ಬೇರೆ ಪದ ಹಾಕಿ. "ಸಾಕಾ?" ಬಿಟ್ಟು "ಇನ್ನೂ ಅನ್ನ ಬೇಕಾ ಅಪ್ಪಾ?" ಅಂತ ಪೂರ್ತಿ ವಾಕ್ಯ ಕೇಳಿ. ವಾಕ್ಯ ಉದ್ದ ಇದ್ದರೆ ಒಂದು ಪದ ತಪ್ಪಿದರೂ ಉಳಿದದ್ದರಿಂದ ಊಹಿಸಿಕೊಳ್ಳಬಹುದು.

ಒಂದು ಮಾತನ್ನು ಮಾತ್ರ ದಯವಿಟ್ಟು ಯಾರೂ ಆಡಬೇಡಿ. ಅವರು "ಏನು?" ಅಂದಾಗ "ಏನಿಲ್ಲ ಬಿಡಿ" ಅನ್ನಬೇಡಿ. ಎಲ್ಲರೂ ನಗುತ್ತಿರುತ್ತಾರೆ, ಏನಾಯಿತು ಅಂತ ಕೇಳಿದರೆ ಏನಿಲ್ಲ ಬಿಡಿ. ಕಿವಿ ಕೇಳದ ಹಿರಿಯರು ಮೂಲೆ ಸೇರುವುದು ಶುರುವಾಗುವುದೇ ಇಲ್ಲಿಂದ. ಸಣ್ಣ ವಿಷಯವಾದರೂ ಇನ್ನೊಮ್ಮೆ ಹೇಳಿ.

ತಪಾಸಣೆ ಮಾಡಿಸಿದ್ದೀರಾ ಅಂತ ನೀವು ಬರೆದಿಲ್ಲ. ಮಾಡಿಸಿ. ಕೆಲವೊಮ್ಮೆ ಬರೀ ಗುಗ್ಗೆ ಕಟ್ಟಿಕೊಂಡಿರುತ್ತದೆ, ಕಿವಿ ಡಾಕ್ಟರು ತೆಗೆದರೆ ಮುಗಿಯಿತು. ಇಲ್ಲವಾದರೆ ಆಡಿಯೋಮೆಟ್ರಿ ಪರೀಕ್ಷೆಯಲ್ಲಿ ಯಾವ ಶಬ್ದ ಎಷ್ಟು ಹೋಗಿದೆ ಅಂತ ಸ್ಪಷ್ಟವಾಗಿ ಗೊತ್ತಾಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೇ ಕೆಲಸ ಮಾಡುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ. ಬಿಪಿಎಲ್ ಕುಟುಂಬದ, 60 ದಾಟಿದವರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಶ್ರವಣ ಸಾಧನವೂ ಸೇರಿದೆ. ಮಷಿನ್ ಹಾಕಿದ ಮೊದಲ ವಾರಗಳಲ್ಲಿ ಫ್ಯಾನ್ ಸದ್ದು, ತಟ್ಟೆ ಸದ್ದು ಎಲ್ಲ ದೊಡ್ಡದಾಗಿ ಕೇಳಿ "ಇದು ಬೇಡ" ಅಂತ ಡ್ರಾಯರ್‌ಗೆ ಹಾಕುವವರೂ ಇದ್ದಾರೆ. ಮೆದುಳು ಹೊಂದಿಕೊಳ್ಳಲು ವಾರಗಳು ಬೇಕು. ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹಾಕಿಸಿ, ಮತ್ತೆ ಹೋಗಿ ಸರಿಮಾಡಿಸಿಕೊಂಡು ಬನ್ನಿ. ಇನ್ನೊಂದು ಎಚ್ಚರ: ಯಾರಿಗಾದರೂ ಒಂದೆರಡು ದಿನದಲ್ಲಿ ದಿಢೀರನೆ ಒಂದು ಕಿವಿ ಕೇಳದಂತಾದರೆ ಕಾಯಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಪೀಣ್ಯದ ಸಣ್ಣ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ನನ್ನ ಕೈಕೆಳಗೆ ಕನ್ನಡದ ಹುಡುಗರೂ ಇದ್ದಾರೆ, ಬಿಹಾರ, ಒಡಿಶಾ ಕಡೆಯವರೂ ಇದ್ದಾರೆ. ಹೇಳುವಾಗ ಎಲ್ಲರೂ ತಲೆ ಆಡಿಸ್ತಾರೆ. "ಅರ್ಥ ಆಯ್ತಾ?" ಅಂದ್ರೆ "ಆಯ್ತು ಸಾರ್" ಅಂತಾರೆ. ಆಮೇಲೆ ನೋಡಿದರೆ ಬೇರೇನೋ ಮಾಡಿಟ್ಟಿರ್ತಾರೆ. ಭಾಷೆ ಸಮಸ್ಯೆ ಅನ್ನೋಣ ಅಂದ್ರೆ ನಮ್ಮ ಹುಡುಗರದ್ದೂ ಅದೇ ಕಥೆ.
— ಸೂಪರ್‌ವೈಸರ್, ಬೆಂಗಳೂರು

ಕೊನೆಯ ಸಾಲಿನಲ್ಲಿ ನೀವೇ ಉತ್ತರ ಕೊಟ್ಟಿದ್ದೀರಿ. ಕನ್ನಡದ ಹುಡುಗರೂ ತಪ್ಪು ಮಾಡುತ್ತಿದ್ದಾರೆ ಅಂದಮೇಲೆ ತೊಂದರೆ ಭಾಷೆಯದ್ದು ಮಾತ್ರ ಅಲ್ಲ.

1990ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಅನ್ನುವ ವಿದ್ಯಾರ್ಥಿನಿ ಒಂದು ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಮೇಜಿನ ಮೇಲೆ ಬೆರಳಲ್ಲಿ ಕುಟ್ಟಬೇಕು, ಎದುರಿಗಿದ್ದವರು ಯಾವ ಹಾಡು ಅಂತ ಹೇಳಬೇಕು. ಕುಟ್ಟಿದವರನ್ನು ಮೊದಲೇ ಕೇಳಿದರೆ ಅರ್ಧಕ್ಕರ್ಧ ಹಾಡು ಗುರುತಿಸುತ್ತಾರೆ ಅಂದಿದ್ದರು. 120 ಹಾಡು ಕುಟ್ಟಿದರು. ಗುರುತು ಸಿಕ್ಕಿದ್ದು ಮೂರೇ ಮೂರು. ಕುಟ್ಟುವವರ ತಲೆಯೊಳಗೆ ಪೂರ್ತಿ ಹಾಡು ಓಡುತ್ತಿರುತ್ತದೆ, ಎದುರಿನವರಿಗೆ ಕೇಳಿಸುವುದು ಬರೀ ಟಕ್ ಟಕ್. ನಿಮ್ಮ ಶಿಫ್ಟ್ ಶುರುವಾಗುವಾಗ ಆಗುವುದೂ ಅದೇ.

ನೀವು ಹೇಳುತ್ತೀರಿ, "ಇದನ್ನ ಬೇಗ ಮುಗಿಸಿ ಆ ಕಡೆ ಕೊಟ್ಬಿಡು." ನಿಮ್ಮ ತಲೆಯಲ್ಲಿ ಎಲ್ಲ ಇದೆ. ಯಾವ ಜಾಬ್, ಎಷ್ಟು ಪೀಸ್, ಎಷ್ಟು ಗಂಟೆಯೊಳಗೆ, ಇನ್‌ಸ್ಪೆಕ್ಷನ್ ಟೇಬಲ್ಲಿಗಾ ಪ್ಯಾಕಿಂಗಿಗಾ. ಹುಡುಗನ ಕಿವಿಗೆ ಬಿದ್ದದ್ದು "ಇದು", "ಬೇಗ", "ಆ ಕಡೆ". ಉಳಿದದ್ದನ್ನು ಅವನು ಊಹೆ ಮಾಡುತ್ತಾನೆ. ಅವನ ಊಹೆ ನಿನ್ನೆಯ ಕೆಲಸದ ಮೇಲೆ ನಿಂತಿರುತ್ತದೆ, ನಿಮ್ಮ ಮನಸ್ಸಲ್ಲಿರುವುದು ಇವತ್ತಿನ ಆರ್ಡರ್. ಬದಲಿಗೆ ಹೀಗೆ ಹೇಳಿ ನೋಡಿ: "ಈ ಟ್ರೇನಲ್ಲಿರೋ 40 ಪೀಸ್. ಊಟದ ಬೆಲ್‌ಗೆ ಮುಂಚೆ. ಇನ್‌ಸ್ಪೆಕ್ಷನ್ ಟೇಬಲ್ ಮೇಲೆ." ಇಷ್ಟೇ. ಕೈಯಲ್ಲಿ ತೋರಿಸಿಕೊಂಡು ಹೇಳಿದರೆ ಒಡಿಶಾದ ಹುಡುಗನಿಗೂ ತಿಳಿಯುತ್ತದೆ. ಅಳತೆ ಇದ್ದರೆ ಬಾಯಲ್ಲಿ ಹೇಳಲೇಬೇಡಿ, ಡ್ರಾಯಿಂಗ್ ಮೇಲೆ ಗುರುತು ಹಾಕಿ ಕೊಡಿ. ಒಂದು ಒಳ್ಳೆ ಪೀಸ್, ಒಂದು ರಿಜೆಕ್ಟ್ ಪೀಸ್ ಎರಡನ್ನೂ ಮೆಷಿನ್ ಪಕ್ಕ ಇಟ್ಟುಬಿಡಿ.

"ಅರ್ಥ ಆಯ್ತಾ?" ಅನ್ನುವ ಪ್ರಶ್ನೆಯನ್ನು ನಾಳೆಯಿಂದ ನಿಲ್ಲಿಸಿ. ನಾಲ್ಕು ಜನರ ಎದುರು "ಇಲ್ಲ ಸಾರ್" ಅನ್ನುವುದಕ್ಕೆ ಯಾರಿಗೂ ಧೈರ್ಯ ಬರುವುದಿಲ್ಲ. ಹೊಸಬನಿಗೆ, ದಿನಗೂಲಿಯವನಿಗೆ ಅಂತೂ ಕೆಲಸ ಹೋಗುವ ಭಯ. "ಈಗ ಮೊದಲು ಏನ್ ಮಾಡ್ತೀಯ ಹೇಳು" ಅಂತ ಕೇಳಿ. ಅವನು ಹೇಳುವುದರಲ್ಲಿ ತಪ್ಪಿದ್ದರೆ ಅಲ್ಲೇ ಸಿಕ್ಕಿಬಿಡುತ್ತದೆ, ಮೆಟೀರಿಯಲ್ ಹಾಳಾಗುವ ಮುಂಚೆ. ವಿಮಾನದ ಪೈಲಟ್‌ಗಳು ಕಂಟ್ರೋಲ್ ಟವರ್ ಕೊಟ್ಟ ಸೂಚನೆಯನ್ನು ತಿರುಗಿ ಹೇಳಿಯೇ ಮುಂದುವರಿಯಬೇಕು ಅನ್ನುವ ನಿಯಮ ಇದೆ. ಅವರಿಗೆ ಬುದ್ಧಿ ಕಡಿಮೆ ಅಂತ ಯಾರೂ ಅನ್ನುವುದಿಲ್ಲ ಅಲ್ವಾ. ಆದರೆ ಕೇಳುವ ದನಿ ಮೇಷ್ಟ್ರು ಮಗ್ಗಿ ಒಪ್ಪಿಸಿಕೊಳ್ಳುವ ಹಾಗೆ ಇರಬಾರದು. "ನಾನು ಏನಾದ್ರೂ ಬಿಟ್ನಾ ನೋಡೋಣ, ಒಂದ್ಸಲ ಹೇಳು" ಅಂದರೆ ಭಾರ ನಿಮ್ಮ ಮೇಲಿರುತ್ತದೆ, ಅವನು ಹೆದರುವುದಿಲ್ಲ.

ನಾನು ಕನ್ನಡ ಮೀಡಿಯಂನಲ್ಲಿ ಓದಿ ಡಿಪ್ಲೊಮಾ, ಬಿಇ ಮುಗಿಸಿ ಬೆಂಗಳೂರಿನ ಐಟಿ ಕಂಪನಿ ಸೇರಿದ್ದೇನೆ. ಮೀಟಿಂಗ್‌ನಲ್ಲಿ ಇಂಗ್ಲಿಷ್ ಬಾಯಿಗೆ ಬರಲ್ಲ. ಅದಕ್ಕಿಂತ ಹೆಚ್ಚಾಗಿ, ಕೆಲಸ ತಡ ಆಗುತ್ತೆ ಅಂತ ಗೊತ್ತಿದ್ದರೂ ಮ್ಯಾನೇಜರ್‌ಗೆ ಹೇಳೋಕೆ ಆಗಲ್ಲ. "ಟ್ರೈ ಮಾಡ್ತೀನಿ ಸರ್" ಅಂದುಬಿಡ್ತೀನಿ. ಕೊನೇ ದಿನ ಬೈಸಿಕೊಳ್ತೀನಿ. ಸ್ಪೋಕನ್ ಇಂಗ್ಲಿಷ್ ಕೋರ್ಸ್ ಸೇರಲಾ?
— ಹೆಸರು ಬೇಡ, ಮೂಲ ಊರು ಹಾವೇರಿ

ಸೇರಬೇಕು ಅನ್ನಿಸಿದರೆ ಸೇರಿ, ನಷ್ಟ ಇಲ್ಲ. ಆದರೆ ಎರಡು ಬೇರೆ ಬೇರೆ ವಿಷಯಗಳನ್ನು ನೀವು ಒಂದೇ ಗಂಟಿಗೆ ಕಟ್ಟಿದ್ದೀರಿ. ಇಂಗ್ಲಿಷ್ ಬಾರದ್ದು ಒಂದು. ಕೆಟ್ಟ ಸುದ್ದಿ ಹೇಳಲಾಗದ್ದು ಇನ್ನೊಂದು. ನಿಮ್ಮ ಮ್ಯಾನೇಜರ್ ಕನ್ನಡದವರೇ ಆಗಿದ್ದರೂ ನೀವು "ಟ್ರೈ ಮಾಡ್ತೀನಿ ಸರ್" ಅಂತಲೇ ಹೇಳುತ್ತಿದ್ದಿರಿ ಅಂತ ನನಗನ್ನಿಸುತ್ತದೆ.

ನಮ್ಮಲ್ಲಿ ದೊಡ್ಡವರಿಗೆ ಎದುರು ಮಾತಾಡಬಾರದು ಅಂತ ಚಿಕ್ಕಂದಿನಿಂದ ಕಲಿಸಿರುತ್ತಾರೆ. ಅದು ಮನೆಯಲ್ಲಿ ಒಳ್ಳೆಯದೇ ಇರಬಹುದು. ಕೆಲಸದ ಜಾಗದಲ್ಲಿ ಇದರಿಂದ ಎಷ್ಟು ದೊಡ್ಡ ಅನಾಹುತ ಆಗಬಹುದು ಅನ್ನುವುದಕ್ಕೆ ಒಂದು ಘಟನೆ ಹೇಳುತ್ತೇನೆ. 1990ರ ಜನವರಿ 25. ಕೊಲಂಬಿಯಾದಿಂದ ನ್ಯೂಯಾರ್ಕಿಗೆ ಬರುತ್ತಿದ್ದ ಏವಿಯಾಂಕಾ 52 ವಿಮಾನ. ಹವಾಮಾನ ಕೆಟ್ಟಿತ್ತು, ಇಳಿಯಲು ಜಾಗ ಸಿಗದೆ ಒಂದು ಗಂಟೆಗೂ ಹೆಚ್ಚು ಆಕಾಶದಲ್ಲೇ ಸುತ್ತಿಸಿದರು. ಇಂಧನ ಮುಗಿಯುತ್ತಾ ಬಂತು. ತುರ್ತು ಪರಿಸ್ಥಿತಿ ಅಂತ ಹೇಳು ಎಂದು ಕ್ಯಾಪ್ಟನ್ ಸಹ ಪೈಲಟ್‌ಗೆ ಹೇಳುತ್ತಾರೆ. ಅವರು ರೇಡಿಯೋದಲ್ಲಿ ಹೇಳಿದ್ದು ಇಂಧನ ಕಡಿಮೆ ಆಗುತ್ತಿದೆ, ಆದ್ಯತೆ ಬೇಕು ಅಂತ. "ಎಮರ್ಜೆನ್ಸಿ" ಅನ್ನುವ ಒಂದು ಪದ ಬಾಯಿಂದ ಬರಲೇ ಇಲ್ಲ. ಆ ಪದ ಕೇಳಿದ್ದರೆ ಎಲ್ಲ ವಿಮಾನಗಳನ್ನು ಬದಿಗೆ ಸರಿಸಿ ಇವರನ್ನು ಇಳಿಸುತ್ತಿದ್ದರು. ಕೆಳಗಿದ್ದವರಿಗೆ ಇದು ಹತ್ತರಲ್ಲಿ ಹನ್ನೊಂದನೇ ವಿಮಾನದ ಮಾಮೂಲಿ ಮಾತಿನ ಹಾಗೆ ಕೇಳಿಸಿತು. ಲಾಂಗ್ ಐಲ್ಯಾಂಡ್‌ನಲ್ಲಿ ವಿಮಾನ ಬಿತ್ತು. ಒಳಗಿದ್ದ 158 ಜನರಲ್ಲಿ 73 ಜನ ತೀರಿಕೊಂಡರು. ಇಂಧನದ ಲೆಕ್ಕ ಸರಿಯಾಗಿ ನೋಡಿಕೊಳ್ಳಲಿಲ್ಲ ಅನ್ನುವುದರ ಜೊತೆಗೆ, ತುರ್ತು ಸ್ಥಿತಿಯನ್ನು ತಿಳಿಸಲಿಲ್ಲ ಅನ್ನುವುದನ್ನೂ ತನಿಖೆಯಲ್ಲಿ ಕಾರಣವಾಗಿ ಬರೆದಿದ್ದಾರೆ.

ನಿಮ್ಮ ಕೆಲಸದಲ್ಲಿ ಪ್ರಾಣ ಹೋಗುವಂಥದ್ದು ಏನೂ ಇಲ್ಲ, ನಿಜ. ಆದರೆ ನಡೆಯುವುದು ಇದೇ ರೀತಿ. ಮೆತ್ತಗೆ ಹೇಳಿದರೆ ಮರ್ಯಾದೆ ಅಂತ ನೀವು ಅಂದುಕೊಳ್ಳುತ್ತೀರಿ, ಮೆತ್ತಗೆ ಹೇಳಿದ್ದನ್ನು ಸಣ್ಣ ವಿಷಯ ಅಂತ ಅವರು ಅಂದುಕೊಳ್ಳುತ್ತಾರೆ. "ಟ್ರೈ ಮಾಡ್ತೀನಿ" ಅಂದಾಗ ನಿಮ್ಮ ಲೆಕ್ಕದಲ್ಲಿ ಅದು "ಆಗಲ್ಲ". ಅವರ ಲೆಕ್ಕದಲ್ಲಿ ಅದು "ಆಗುತ್ತೆ". ಅವರು ಆ ಧೈರ್ಯದ ಮೇಲೆ ತಮ್ಮ ಮೇಲಿನವರಿಗೆ ಮಾತು ಕೊಟ್ಟಿರುತ್ತಾರೆ.

ಈಗ ಹೀಗೆ ಬರೆದುಕೊಳ್ಳಿ. "ಸರ್, ಶುಕ್ರವಾರ ಕೊಡಲು ಆಗುವುದಿಲ್ಲ. ಟೆಸ್ಟಿಂಗ್‌ನಲ್ಲಿ ಎರಡು ದೋಷ ಸಿಕ್ಕಿವೆ. ಸೋಮವಾರ ಮಧ್ಯಾಹ್ನ ಕೊಡುತ್ತೇನೆ. ಶುಕ್ರವಾರವೇ ಬೇಕು ಅಂದರೆ ರಿಪೋರ್ಟ್ ಭಾಗ ಬಿಟ್ಟು ಉಳಿದದ್ದು ಕೊಡಬಹುದು, ಯಾವುದು ಬೇಕು ಹೇಳಿ." ಇದರಲ್ಲಿ ಕ್ಷಮಾಪಣೆ ಇಲ್ಲ, ಸುತ್ತಿ ಬಳಸಿ ಹೇಳಿದ್ದಿಲ್ಲ, ಮರ್ಯಾದೆ ಕೆಟ್ಟಿದ್ದೂ ಇಲ್ಲ. ಇದನ್ನು ಇಂಗ್ಲಿಷಿನಲ್ಲಿ ಹೇಳಲು ಎಂಟನೇ ಕ್ಲಾಸಿನ ಇಂಗ್ಲಿಷ್ ಸಾಕು. ಗಡುವಿನ ದಿನ ಹೇಳಬೇಡಿ, ಗೊತ್ತಾದ ದಿನವೇ ಹೇಳಿ. ಮೊದಲ ಸಲ ಎದೆ ಢವಢವ ಅನ್ನುತ್ತದೆ. ಎದುರಿಗೆ ಹೇಳಲು ಆಗದಿದ್ದರೆ ಬರೆದು ಕಳಿಸಿ, ಅದರಲ್ಲಿ ನಾಚಿಕೆ ಏನಿಲ್ಲ.

ಮೀಟಿಂಗ್ ವಿಷಯಕ್ಕೆ ಬಂದರೆ, ಮೊದಲ ಹತ್ತು ನಿಮಿಷದೊಳಗೆ ಏನಾದರೂ ಒಂದು ಮಾತಾಡಿ. ಒಂದು ಪ್ರಶ್ನೆಯಾದರೂ ಸರಿ. ಹೊತ್ತು ಹೋದಷ್ಟೂ ಬಾಯಿ ತೆರೆಯುವುದು ಕಷ್ಟ ಆಗುತ್ತದೆ. ಯಾರಾದರೂ ತುಂಬಾ ವೇಗವಾಗಿ ಮಾತಾಡಿ ತಲೆಬುಡ ತಿಳಿಯದಿದ್ದರೆ "ನಾನು ಅರ್ಥ ಮಾಡಿಕೊಂಡದ್ದು ಹೀಗೆ, ಸರೀನಾ?" ಅಂತ ನಿಮಗೆ ತಿಳಿದಷ್ಟನ್ನು ತಿರುಗಿ ಹೇಳಿ. ವ್ಯಾಕರಣ ತಪ್ಪಿದರೆ ತಪ್ಪಲಿ. ನಿಮ್ಮ ಜೊತೆ ಮೀಟಿಂಗಿನಲ್ಲಿರುವ ತಮಿಳರಿಗೆ, ತೆಲುಗರಿಗೆ, ಬಿಹಾರಿಗಳಿಗೆ ಯಾರಿಗೂ ಇಂಗ್ಲಿಷ್ ಮನೆಮಾತಲ್ಲ.

ಡಾಕ್ಟರ ಮುಂದೆ ಕೂತರೆ ಕೇಳಬೇಕು ಅಂದುಕೊಂಡಿದ್ದೆಲ್ಲ ಮರೆತುಹೋಗುತ್ತೆ. ಅವರೂ ಪೂರ್ತಿ ಕೇಳೋದಿಲ್ಲ. ಹೊರಗೆ ಬಂದಮೇಲೆ ಯಾವ ಮಾತ್ರೆ ಯಾವಾಗ ಅಂತ ಮೆಡಿಕಲ್ ಶಾಪಿನವರನ್ನೇ ಕೇಳ್ತೀನಿ.
— ನಿವೃತ್ತ ಶಿಕ್ಷಕಿ, ಗದಗ

ಟೀಚರ್, ಇದು ನಿಮ್ಮೊಬ್ಬರ ಕಷ್ಟ ಅಲ್ಲ. 1984ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಡಾಕ್ಟರು, ರೋಗಿಗಳ ಮಾತುಕತೆ ರೆಕಾರ್ಡ್ ಮಾಡಿ ನೋಡಿದರು. ರೋಗಿ ಹೇಳಲು ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ನಡುವೆ ಬಾಯಿ ಹಾಕುತ್ತಿದ್ದರು. ನಮ್ಮ ಕಡೆ ಹೊರಗೆ ಐವತ್ತು ಜನ ಟೋಕನ್ ಹಿಡಿದು ಕಾಯುತ್ತಿರುವಾಗ ಪರಿಸ್ಥಿತಿ ಇನ್ನೂ ಬಿಗಿ. ಡಾಕ್ಟರು ಬದಲಾಗಲಿ ಅಂತ ಕಾಯುವ ಬದಲು ಆ ಮೊದಲ ಅರ್ಧ ನಿಮಿಷವನ್ನು ನಾವು ಹೇಗೆ ಬಳಸಬೇಕು ಅಂತ ನೋಡೋಣ.

ನಾವು ಸಾಮಾನ್ಯವಾಗಿ ಹೇಗೆ ಶುರು ಮಾಡುತ್ತೇವೆ? "ಅದೇನಾಯ್ತು ಡಾಕ್ಟ್ರೇ, ಹೋದ ತಿಂಗಳು ಜಾತ್ರೆಗೆ ಹೋಗಿದ್ವಿ, ಅಲ್ಲಿ ಬಿಸಿಲು ಜಾಸ್ತಿ…" ಮುಖ್ಯ ವಿಷಯ ಬರುವಷ್ಟರಲ್ಲಿ ಅವರು ಬಿಪಿ ಪಟ್ಟಿ ಸುತ್ತುತ್ತಿರುತ್ತಾರೆ. ತಿರುಗಿಸಿ ಹೇಳಿ. "ಮೂರು ವಾರದಿಂದ ಮೆಟ್ಟಿಲು ಹತ್ತಿದರೆ ಎದೆ ಹಿಡಿದ ಹಾಗೆ ಆಗುತ್ತೆ." ಏನು, ಎಷ್ಟು ದಿನದಿಂದ, ಯಾವಾಗ ಜಾಸ್ತಿ. ಜಾತ್ರೆ ಆಮೇಲೆ. ಮನೆಯಲ್ಲೇ ಚೀಟಿ ಬರೆದುಕೊಂಡು ಹೋಗಿ, ಎರಡು ಮೂರು ವಿಷಯಕ್ಕಿಂತ ಜಾಸ್ತಿ ಬೇಡ. ಶುರುವಿನಲ್ಲೇ "ಮೂರು ವಿಷಯ ಇದೆ ಡಾಕ್ಟ್ರೇ" ಅಂದುಬಿಡಿ. ನಾಚಿಕೆಯಿಂದ ಕೊನೆಗೆ ಇಟ್ಟುಕೊಳ್ಳುವ ವಿಷಯವೇ ಬಹಳ ಸಲ ಮುಖ್ಯವಾದದ್ದು, ಬಾಗಿಲ ಹತ್ತಿರ ಹೋಗಿ "ಇನ್ನೊಂದು ಕೇಳೋದಿತ್ತು" ಅನ್ನುತ್ತೇವಲ್ಲ ಅದು. ಅದನ್ನು ಮೊದಲು ಹೇಳಿ. ಆಯುರ್ವೇದದ ಮದ್ದು, ಯಾರೋ ಹೇಳಿದ ಕಷಾಯ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಮಾತ್ರೆ ಮಧ್ಯೆ ನಿಲ್ಲಿಸಿದ್ದರೆ ಅದನ್ನೂ ಹೇಳಿ. ಬೈದರೆ ಬೈಯಲಿ. ನೀವು ನುಂಗುತ್ತಿದ್ದೀರಿ ಅಂದುಕೊಂಡು ಅವರು ಡೋಸ್ ಏರಿಸಿದರೆ ತೊಂದರೆ ನಿಮಗೇ.

ಚೀಟಿ ಬರೆದಾದ ಮೇಲೆ, ಏಳುವ ಮುಂಚೆ ಒಂದೇ ಒಂದು ಸಲ ತಿರುಗಿ ಹೇಳಿ: "ಈ ಬಿಳಿದು ಬೆಳಿಗ್ಗೆ ತಿಂಡಿಗೆ ಮುಂಚೆ, ಇದು ರಾತ್ರಿ ಊಟ ಆದಮೇಲೆ, ಹದಿನೈದು ದಿನ. ಸರೀನಾ ಡಾಕ್ಟ್ರೇ?" ಚೀಟಿಯಲ್ಲಿ 1-0-1 ಅಂತಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಯಾವ ಲಕ್ಷಣ ಕಂಡರೆ ಕಾಯದೆ ಬರಬೇಕು ಅಂತಲೂ ಕೇಳಿಕೊಳ್ಳಿ. ಅವಸರದ ಡಾಕ್ಟರೂ ಇದಕ್ಕೆ ಉತ್ತರ ಕೊಡುತ್ತಾರೆ. ದೊಡ್ಡವರು, ಓದಿದವರು ಅನ್ನುವ ಗೌರವಕ್ಕೆ ಸುಮ್ನೆ "ಹ್ಞೂಂ ಹ್ಞೂಂ" ಅಂದು ಎದ್ದು ಬರಬೇಡಿ.

ವಿಜಯಪುರದವಳು, ಮದುವೆಯಾಗಿ ಮೈಸೂರಿಗೆ ಬಂದಿದ್ದೇನೆ. ಅತ್ತೆಯವರಿಗೆ "ನೀವು ಸುಮ್ಕ ಕುಂದರ್ರಿ, ನಾ ಮಾಡ್ತೀನಿ" ಅಂದೆ. ಅವರಿಗೆ ಕಣ್ಣಲ್ಲಿ ನೀರು ಬಂತು. ನಾನು ಒಳ್ಳೆದಕ್ಕೇ ಹೇಳಿದ್ದು.
— ಹೊಸ ಸೊಸೆ, ಮೈಸೂರು

ನೀವು ಆರಾಮಾಗಿ ಕೂತ್ಕೊಳ್ಳಿ ಅಂದಿರಿ, ಅವರಿಗೆ ಬಾಯಿ ಮುಚ್ಚಿ ಕೂತ್ಕೋ ಅಂದ ಹಾಗೆ ಕೇಳಿಸಿತು. ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗಬೇಡಿ, ಇವತ್ತೇ ಹೋಗಿ ಪಕ್ಕದಲ್ಲಿ ಕೂತು ಹೇಳಿ. "ಅತ್ತೆ, ನಮ್ಮ ಕಡೆ ಪ್ರೀತಿಯಿಂದ ಹಿಂಗ ಅಂತೀವ್ರಿ. ನಿಮಗೆ ಬ್ಯಾರೆ ಥರ ಅನ್ನಿಸ್ತೇನು?" ಅಂತ ನೇರವಾಗಿ ಕೇಳಿ. ನಿಮ್ಮ ಮಾತಿನ ಧಾಟಿಯನ್ನು ಪೂರ್ತಿ ಬಿಟ್ಟು ಮೈಸೂರಿನವರ ಹಾಗೆ ಮಾತಾಡಲು ಹೋಗಬೇಡಿ, ಅದು ಹೆಚ್ಚು ದಿನ ನಡೆಯುವುದಿಲ್ಲ, ನಡೆಯಲೂಬಾರದು. ಇನ್ನೊಂದು ಮಾತು ನಿಮ್ಮ ಯಜಮಾನರಿಗೆ. ಎರಡೂ ಕಡೆಯ ಮಾತು ತಿಳಿದವರು ಮನೆಯಲ್ಲಿ ನೀವೊಬ್ಬರೇ. "ನಂಗ್ಯಾಕೆ ನಿಮ್ಮ ಮಧ್ಯೆ" ಅಂತ ಮೊಬೈಲ್ ನೋಡುತ್ತಾ ಕೂರಬೇಡಿ. ಅಮ್ಮನಿಗೆ ನೀವು ಒಂದು ವಾಕ್ಯ ಹೇಳಿದ್ದರೆ ಆ ಕಣ್ಣೀರು ಬರುತ್ತಲೇ ಇರಲಿಲ್ಲ.

ಹತ್ತನೇ ಕ್ಲಾಸ್ ಓದುವ ಮಗ ಏನು ಕೇಳಿದರೂ "ಏನಿಲ್ಲ", "ಗೊತ್ತಿಲ್ಲ" ಅಂತಾನೆ. ಸ್ಕೂಲಲ್ಲಿ ಏನಾಯ್ತು ಅಂತ ಬಾಯಿ ಬಿಡಲ್ಲ. ಮೊದಲು ಹೀಗಿರಲಿಲ್ಲ.
— ತಾಯಿ, ತುಮಕೂರು

ಒಂದು ದಿನ ನೀವು ಅವನಿಗೆ ಕೇಳುವ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ನೋಡಿ. ಟೆಸ್ಟ್ ಪೇಪರ್ ಕೊಟ್ರಾ? ಎಷ್ಟು ಬಂತು? ಪಕ್ಕದ ಮನೆಯವನಿಗೆ ಎಷ್ಟು? ಹೋಮ್‌ವರ್ಕ್ ಆಯ್ತಾ? ಹತ್ತನೇ ಕ್ಲಾಸಿನ ಮನೆಗಳಲ್ಲಿ ಮಾತು ಅಂದರೆ ಇಷ್ಟೇ ಆಗಿಬಿಟ್ಟಿರುತ್ತದೆ. ಯಾವ ಉತ್ತರ ಕೊಟ್ಟರೂ ಅದರ ಹಿಂದೆ ಒಂದು ಭಾಷಣ ಬರುತ್ತದೆ ಅಂತ ಗೊತ್ತಾದಮೇಲೆ "ಏನಿಲ್ಲ" ಅನ್ನುವುದೇ ಅವನಿಗೆ ಸುಲಭ. ಕೆಲವು ದಿನ ಮಾರ್ಕ್ಸ್ ವಿಷಯ ಎತ್ತಬೇಡಿ. ಎದುರಿಗೆ ಕೂರಿಸಿಕೊಂಡು ಕೇಳುವ ಬದಲು ಸ್ಕೂಟರಿನಲ್ಲಿ ಹೋಗುವಾಗ, ಕಾಯಿ ಬಿಡಿಸುವಾಗ, ಬಟ್ಟೆ ಮಡಿಸುವಾಗ ಪಕ್ಕದಲ್ಲಿದ್ದು ಮಾತಾಡಿ. ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದು ಈ ವಯಸ್ಸಿನ ಮಕ್ಕಳಿಗೆ ವಿಚಾರಣೆ ಮಾಡಿದ ಹಾಗೆ ಅನ್ನಿಸುತ್ತದೆ. ಅವನು ಏನಾದರೂ ಹೇಳಲು ಶುರು ಮಾಡಿದರೆ ಮಧ್ಯೆ ಬುದ್ಧಿ ಹೇಳಬೇಡಿ, ಪೂರ್ತಿ ಕೇಳಿ. ಅವನು ನಿಮ್ಮ ಹತ್ತಿರ ಹೇಳಿದ್ದನ್ನು ಫೋನಿನಲ್ಲಿ ಅಕ್ಕನಿಗೋ ಅತ್ತಿಗೆಗೋ ಹೇಳಿ ನಗಬೇಡಿ. ಒಮ್ಮೆ ಹಾಗಾದರೆ ಮಕ್ಕಳು ಬಾಯಿ ಮುಚ್ಚಿಬಿಡುತ್ತಾರೆ.

ಆದರೆ "ಮೊದಲು ಹೀಗಿರಲಿಲ್ಲ" ಅಂತ ಬರೆದಿದ್ದೀರಿ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಊಟ, ನಿದ್ದೆ ಬದಲಾಗಿದೆಯಾ? ಗೆಳೆಯರನ್ನೂ ಬಿಟ್ಟಿದ್ದಾನಾ? ಸ್ಕೂಲಿಗೆ ಹೋಗಲು ಹೊಟ್ಟೆನೋವು ಅಂತಾನಾ? ಹೌದು ಅಂದರೆ ಅದು ಬರೀ ವಯಸ್ಸಿನ ಮೌನ ಅಲ್ಲದಿರಬಹುದು. ಯಾರಾದರೂ ಹಿಂಸೆ ಕೊಡುತ್ತಿರಬಹುದು, ಮನಸ್ಸು ಕುಗ್ಗಿರಬಹುದು. 14416ಕ್ಕೆ ಕರೆ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಹಣ ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲು ನೀವೇ ಕರೆ ಮಾಡಿ ಅವನ ಹತ್ತಿರ ಹೇಗೆ ಮಾತು ಶುರು ಮಾಡಲಿ ಅಂತ ಕೇಳಬಹುದು.

ನಮ್ಮ ಕಾಲೇಜಿಗೆ ಬಂದ ತರಬೇತುದಾರರು ಸಂವಹನದಲ್ಲಿ ಪದಗಳ ಪಾಲು ಬರೀ 7 ಶೇಕಡಾ, ಉಳಿದ 93 ದನಿ ಮತ್ತು ಹಾವಭಾವ ಅಂದರು. ಹಾಗಾದರೆ ನಾವು ಭಾಷೆ ಕಲಿಸುವುದೇ ದಂಡವೇ?
— ಕನ್ನಡ ಉಪನ್ಯಾಸಕರು, ದಾವಣಗೆರೆ

ಖಂಡಿತ ದಂಡ ಅಲ್ಲ ಸರ್. ಈ 7-38-55 (ಪದ 7, ದನಿ 38, ಮುಖಭಾವ 55) ಅನ್ನುವ ಲೆಕ್ಕ ಆಲ್ಬರ್ಟ್ ಮೆಹ್ರಾಬಿಯನ್ ಅನ್ನುವ ಮನೋವಿಜ್ಞಾನಿ 1967ರಲ್ಲಿ ಪ್ರಕಟಿಸಿದ ಎರಡು ಸಣ್ಣ ಪ್ರಯೋಗಗಳಿಂದ ಬಂದದ್ದು. ಅದರಲ್ಲಿ ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೋ ತೋರಿಸಿ, ಹೇಳಿದವರಿಗೆ ಇಷ್ಟವೋ ಅಲ್ಲವೋ ಅಂತ ಊಹಿಸಲು ಹೇಳಿದ್ದರು. ಭಾವನೆ, ಇಷ್ಟಾನಿಷ್ಟದ ವಿಷಯಕ್ಕೆ ಮಾತ್ರ ಇದು ಅನ್ವಯ ಅಂತ ಅವರೇ ಹೇಳಿದ್ದಾರೆ. ಎಲ್ಲ ಮಾತಿಗೂ ಇದೇ ಲೆಕ್ಕ ಆಗಿದ್ದರೆ ಜಪಾನಿ ಭಾಷೆಯ ವಾರ್ತೆ ನೋಡಿದರೂ ನಮಗೆ ನೂರಕ್ಕೆ 93 ಅರ್ಥ ಆಗಬೇಕಿತ್ತು. ಬಾಯಲ್ಲಿ "ಬೇಜಾರಿಲ್ಲ" ಅಂದು ಮುಖ ಊದಿಸಿಕೊಂಡಿದ್ದರೆ ನಾವು ಮುಖವನ್ನೇ ನಂಬುತ್ತೇವೆ, ಅಷ್ಟು ನಿಜ. ಆದರೆ ಬಸ್ಸು ಎಷ್ಟು ಗಂಟೆಗೆ, ಮಾತ್ರೆ ಎಷ್ಟು, ಫೀಸು ಯಾವತ್ತು ಕಟ್ಟಬೇಕು ಅನ್ನುವುದನ್ನು ಹಾವಭಾವದಲ್ಲಿ ಹೇಳಲಾಗುವುದಿಲ್ಲ.

ಆ ತರಬೇತಿಗೆ ಬದಲು ನಿಮ್ಮ ಕ್ಲಾಸಿನಲ್ಲಿ ಇದನ್ನು ಮಾಡಿಸಿ. ಇಬ್ಬರು ವಿದ್ಯಾರ್ಥಿಗಳನ್ನು ಬೆನ್ನಿಗೆ ಬೆನ್ನು ಹಾಕಿ ಕೂರಿಸಿ. ಒಬ್ಬರ ಕೈಗೆ ಚೌಕ, ತ್ರಿಕೋನ, ವೃತ್ತ ಸೇರಿಸಿದ ಒಂದು ಚಿತ್ರ ಕೊಡಿ. ಅವರು ಅದನ್ನು ಬಾಯಲ್ಲಿ ವಿವರಿಸಬೇಕು, ಇನ್ನೊಬ್ಬರು ಕೇಳಿಕೊಂಡು ಬಿಡಿಸಬೇಕು. ಮೊದಲ ಸುತ್ತಿನಲ್ಲಿ ಬಿಡಿಸುವವರು ಪ್ರಶ್ನೆ ಕೇಳುವ ಹಾಗಿಲ್ಲ. ಎರಡನೇ ಸುತ್ತಿನಲ್ಲಿ ಬೇರೆ ಚಿತ್ರ ಕೊಟ್ಟು, ಎಷ್ಟು ಬೇಕಾದರೂ ಕೇಳಬಹುದು ಅನ್ನಿ. ಎರಡನೇ ಸುತ್ತಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ, ಅವಸರ ಮಾಡಬೇಡಿ. ಆಮೇಲೆ ಎರಡೂ ಸುತ್ತಿನ ಚಿತ್ರಗಳನ್ನು ಅಕ್ಕಪಕ್ಕ ಬೋರ್ಡಿಗೆ ಅಂಟಿಸಿ, ಎಲ್ಲೆಲ್ಲಿ ಮಾತು ತಪ್ಪಿತು ಅಂತ ಮಕ್ಕಳ ಬಾಯಿಂದಲೇ ಹೇಳಿಸಿ.